ಹಣೆಯ ಮೇಲೆ ಯಂತ್ರವಿದ್ದ ಮೋಟಾರು

ಕಳೆದ ಶುಕ್ರವಾರ ಅಮೆರಿಕದಿಂದ ಒಂದು ಇಮೇಲ್ ಬಂತು. ಅದರೊಂದಿಗೆ ನನ್ನ ಒಂಬತ್ತು ತಿಂಗಳ ಹುಡುಕಾಟ ಮುಗಿಯಿತು. ಹುಡುಕುತ್ತಿದ್ದುದು ಇಷ್ಟೇ: ತೀರ್ಥಹಳ್ಳಿ ಕಡೆಯ ನಮ್ಮ ಮೂಲಮನೆಯ ಹಳೆಯ ಫೋಟೋದಲ್ಲಿ ನಿಂತಿರುವ ಮೋಟಾರು ಯಾವುದು, ಯಾವ ಕಾಲದ್ದು? ಇಂಥ ಫೋಟೋಗಳು ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. ನಾನು ದಾರಿ ತಪ್ಪಿದ ಕಡೆಯಲ್ಲೇ ಇನ್ನೊಬ್ಬರು ತಪ್ಪಬಾರದು ಎಂದು, ಎಲ್ಲವೂ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ದೀಪಾವಳಿಗೆ ಊರಿಗೆ ಹೋದಾಗ ಮನೆಯ ಹೆಂಚು ಕೈಯಾಡಿಸುವ ಕೆಲಸ ನಡೆಯುತ್ತಿತ್ತು. ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಟ್ರಂಕು ಕೆಳಗಿಳಿಯಿತು. ಅದರಲ್ಲಿ ಜಾತಕಗಳ ಕಟ್ಟು, ಗೆದ್ದಲು ಅರ್ಧ ತಿಂದ ಲೆಕ್ಕದ ಪುಸ್ತಕಗಳು, ಅವುಗಳ ಅಡಿಯಲ್ಲಿ ಬೂದುಬಣ್ಣದ ದಪ್ಪ ರಟ್ಟಿಗೆ ಅಂಟಿಸಿದ ಒಂದು ಫೋಟೋ. ಅಂಚುಗಳು ಬೆಳಕಿಗೆ ಹಿಡಿದಾಗ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಹಳೆಯ ಫೋಟೋ ಪ್ರತಿಗಳಲ್ಲಿ ಬೆಳ್ಳಿಯ ಅಂಶ ಮೇಲ್ಮೈಗೆ ಬಂದು ಹೀಗೆ ಕಾಣುತ್ತದೆ ಎಂದು ಆಮೇಲೆ ತಿಳಿಯಿತು. ದಯವಿಟ್ಟು ಅದನ್ನು ಬಟ್ಟೆಯಿಂದ ಒರೆಸಬೇಡಿ, ರಟ್ಟಿನಿಂದ ಫೋಟೋ ಕೀಳಲೂ ಹೋಗಬೇಡಿ.

ಚಿತ್ರದಲ್ಲಿ ನಮ್ಮ ಮನೆಯ ಅಂಗಳ. ಓರೆಯಾಗಿ ನಿಲ್ಲಿಸಿದ ಒಂದು ತೆರೆದ ಮೋಟಾರು, ಅದರ ಚಾವಣಿಯನ್ನು ಹಿಂದಕ್ಕೆ ಮಡಚಿದ್ದಾರೆ. ಚಾಲಕನ ಜಾಗದಲ್ಲಿ ಅಪರಿಚಿತನೊಬ್ಬ. ಮುಂದೆ ಕೋಟು, ರುಮಾಲು ತೊಟ್ಟ ಮುತ್ತಜ್ಜ. ಪಕ್ಕದಲ್ಲಿ ಮುತ್ತಜ್ಜಿ ಮತ್ತು ಇನ್ನಿಬ್ಬರು ಹೆಂಗಸರು. ಹಿಂದಿನ ಚಕ್ರದ ಹತ್ತಿರ ಬರಿಗಾಲಿನಲ್ಲಿ ನಿಂತ ಹದಿಮೂರು ಹದಿನಾಲ್ಕರ ಹುಡುಗ. ಫುಟ್‌ಬೋರ್ಡಿನ ಮೇಲೆ ಜರಿಟೋಪಿ ಹಾಕಿಕೊಂಡ ನಾಲ್ಕೈದು ವರ್ಷದ ಮಗು. ನಂಬರ್ ಪ್ಲೇಟು ಇರಬೇಕಾದ ಜಾಗವನ್ನು ಹೂವಿನ ಹಾರ ಪೂರ್ತಿ ಮುಚ್ಚಿತ್ತು.

ಮನೆಯಲ್ಲಿ ಎಲ್ಲರಿಗೂ ಈ ಫೋಟೋದ ಕಥೆ ಗೊತ್ತಿತ್ತು. ಚಿಕ್ಕಪ್ಪ ಅದನ್ನು ಎಷ್ಟೋ ಮದುವೆಮನೆಗಳಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ‘ಇದು ನಮ್ಮಜ್ಜ ಕೊಂಡ ಫೋರ್ಡ್ ಕಾರು. 1914ನೇ ಇಸವಿ. ಫುಟ್‌ಬೋರ್ಡಿನ ಮೇಲಿರುವ ಮಗು ನಮ್ಮಪ್ಪ.’ ಬರಿಗಾಲಿನ ಹುಡುಗ ಯಾರು ಎಂದರೆ, ‘ಕೆಲಸದ ಹುಡುಗ ಇರಬೇಕು’ ಎನ್ನುತ್ತಿದ್ದರು.

1914 ಎಂಬ ಇಸವಿ ಎಲ್ಲಿಂದ ಬಂತು ಎಂದು ನಾನು ಆಗ ಕೇಳಲಿಲ್ಲ. ಕೇಳಿದ್ದರೆ ಅರ್ಧ ಕೆಲಸ ಅಂದೇ ಮುಗಿಯುತ್ತಿತ್ತು. ಅಜ್ಜ ಹುಟ್ಟಿದ್ದು 1910ರಲ್ಲಿ. ಮಗುವಿಗೆ ನಾಲ್ಕು ವರ್ಷ ಎಂದು ಲೆಕ್ಕ ಹಾಕಿ, ಮಗುವೇ ಅಜ್ಜ ಎಂದು ಮೊದಲೇ ನಂಬಿ, ಯಾರೋ 1914 ಎಂದಿದ್ದರು. ಫೋರ್ಡ್ ಎಂಬ ಹೆಸರಿಗೆ ಅಷ್ಟು ಆಧಾರವೂ ಇರಲಿಲ್ಲ. ನಮ್ಮ ಕಡೆ ಹಳೆಯ ಕಾಲದ ಮೋಟಾರು ಎಂದರೆ ಫೋರ್ಡ್ ಎಂದೇ ಹೇಳುವ ರೂಢಿ.

ಶಿವಮೊಗ್ಗಕ್ಕೆ ಮರಳಿದ ಮೇಲೆ ಫೋಟೋವನ್ನು ಒಂದು ಸ್ಟುಡಿಯೋಗೆ ಕೊಟ್ಟು ಸ್ಕ್ಯಾನ್ ಮಾಡಿಸಿದೆ. 60 ರೂಪಾಯಿ ತೆಗೆದುಕೊಂಡರು, ಕಲೆಗಳನ್ನೆಲ್ಲ ಅಳಿಸಿ ‘ಕ್ಲೀನ್’ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರು. ನನಗೆ ಬಹಳ ಸಂತೋಷವಾಯಿತು. ಅದನ್ನು ಮೊಬೈಲಿನ ಒಂದು ಆ್ಯಪ್‌ಗೆ ಹಾಕಿ ಇನ್ನಷ್ಟು ಸ್ಪಷ್ಟ ಮಾಡಿಕೊಂಡೆ. ರೇಡಿಯೇಟರಿನ ಮೇಲೆ ಮಸುಕಾಗಿದ್ದ ಲಾಂಛನ ಈಗ ಮೊಟ್ಟೆಯಾಕಾರದಲ್ಲಿ, ಒಳಗೆ ಓರೆ ಅಕ್ಷರಗಳಿರುವಂತೆ ಕಂಡಿತು. ಫೋರ್ಡ್ ಎಂದೇ ಓದಿದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ.

ಆ ಅಕ್ಷರಗಳು ಫೋಟೋದಲ್ಲಿ ಇರಲೇ ಇಲ್ಲ. ಈ ಆ್ಯಪ್‌ಗಳು ಇರುವುದನ್ನು ತೋರಿಸುವುದಿಲ್ಲ. ಮಸುಕಾದ ಕಡೆ ಏನಿರಬಹುದೋ ಅದನ್ನು ಊಹಿಸಿ ಬರೆಯುತ್ತವೆ. ಮುಖಗಳನ್ನೂ ಹಾಗೆಯೇ ಬದಲಿಸುತ್ತವೆ. ಈ ತಪ್ಪಿನಿಂದ ನನಗೆ ಎರಡು ತಿಂಗಳು ಹೋಯಿತು. ಆದ್ದರಿಂದ ಸ್ಕ್ಯಾನ್ ಮಾಡಿಸುವವರು ಅಂಗಡಿಯಲ್ಲಿ ಸ್ಪಷ್ಟವಾಗಿ ಹೇಳಿ: 1200 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಬೇಕು, ಫೋಟೋ ಕಪ್ಪುಬಿಳುಪಾದರೂ ಕಲರ್ ಸ್ಕ್ಯಾನ್ ಬೇಕು, ಟಿಫ್ ಕಡತ (ಸೂಕ್ಷ್ಮಗಳು ಕಳೆಯದಂತೆ ಚಿತ್ರ ಉಳಿಸುವ ಬಗೆ) ಬೇಕು, ಏನನ್ನೂ ತಿದ್ದಬಾರದು. ಕಡತವನ್ನು ಪೆನ್‌ಡ್ರೈವಿನಲ್ಲೇ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ, ನಮಗೆ ಬೇಕಾದ ಸೂಕ್ಷ್ಮಗಳೇ ಮೊದಲು ಮಾಯವಾಗುತ್ತವೆ. ಎರಡನೆಯ ಸಲ ಬೆಂಗಳೂರಿನಲ್ಲಿ ಸರಿಯಾಗಿ ಮಾಡಿಸಲು ನನಗೆ 400 ರೂಪಾಯಿ ಆಯಿತು. ಅದನ್ನು ಮೊದಲೇ ಕೊಟ್ಟಿದ್ದರೆ ಚೆನ್ನಾಗಿತ್ತು.

ಜನವರಿಯಲ್ಲಿ ಫೋರ್ಡ್ ಬಗ್ಗೆ ಕುಳಿತು ಓದಿದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಕಾರು ಅದು, ಮಾಡೆಲ್ ಟಿ. ನಮ್ಮ ದೇಶಕ್ಕೆ ಬರುತ್ತಿದ್ದ ಬಲಗೈ ಚಾಲನೆಯ ಫೋರ್ಡ್‌ಗಳು ಹೆಚ್ಚಾಗಿ ಕೆನಡಾದ ಕಾರ್ಖಾನೆಯವು. ಬ್ರಿಟನ್ ಬಿಟ್ಟು ಉಳಿದ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಮಾರುವ ಹಕ್ಕು ಫೋರ್ಡ್ ಕೆನಡಾ ಕಂಪನಿಯದಾಗಿತ್ತು. ಓದುತ್ತಾ ಓದುತ್ತಾ ಒಂದು ಕಡೆ ಮನಸ್ಸು ತಡೆಯಿತು. 1916ರವರೆಗಿನ ಮಾಡೆಲ್ ಟಿಗೆ ಹಿತ್ತಾಳೆಯ ರೇಡಿಯೇಟರ್ ಇತ್ತು. 1917ರ ಮಾದರಿಯಿಂದ ಅದು ಹೋಗಿ ಕಪ್ಪು ಕವಚ ಬಂತು. ನಮ್ಮದು 1914ರ ಫೋರ್ಡ್ ಆಗಿದ್ದರೆ ಅದರ ಮುಂಭಾಗ ದೇವರಮನೆಯ ಹರಿವಾಣದಂತೆ ಹೊಳೆಯಬೇಕಿತ್ತು. ಫೋಟೋದಲ್ಲಿ ಅದು ಕಪ್ಪಗಿದೆ, ಮೇಲಿನ ಮೂಲೆಗಳು ಗುಂಡಗಿವೆ.

‘ಬಣ್ಣ ಹೊಡೆಸಿರಬಹುದು’ ಎಂದರು ಚಿಕ್ಕಪ್ಪ. ಅವರ ದನಿ ಸ್ವಲ್ಪ ಬಿಗಿಯಾಗಿತ್ತು. ಅವರಿಗೆ ನೋವಾಗಬಾರದು ಎಂದು ನಾನೂ ‘ಇರಬಹುದು’ ಎಂದೆ. ಆದರೆ ಅಲ್ಲಿಂದ ಮುಂದೆ ನಿದ್ದೆ ಸರಿಯಾಗಿ ಬರಲಿಲ್ಲ.

ಅಳತೆ ಮಾಡಿ ನೋಡೋಣ ಎಂದುಕೊಂಡೆ. ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ಕೇಂದ್ರಗಳ ನಡುವಿನ ದೂರವನ್ನು ವೀಲ್‌ಬೇಸ್ ಎನ್ನುತ್ತಾರೆ. ಮಾಡೆಲ್ ಟಿಯದು 100 ಅಂಗುಲ, ಟೈರಿನ ವ್ಯಾಸ 30 ಅಂಗುಲ. ಅಂದರೆ ವೀಲ್‌ಬೇಸ್ ಚಕ್ರದ 3.33ರಷ್ಟು. ಹಳೆಯ ಟೈರುಗಳಲ್ಲಿ ‘30×3½’ ಎಂದು ಬರೆದಿದ್ದರೆ ಮೊದಲ ಸಂಖ್ಯೆ ಟೈರಿನ ಹೊರವ್ಯಾಸ. ಈಗಿನ ಟೈರಿನಂತೆ ರಿಮ್ಮಿನ ಅಳತೆಯಲ್ಲ. ಇದು ಗೊತ್ತಿಲ್ಲದೆ ನಾನು ಒಂದು ವಾರ ತಪ್ಪು ಲೆಕ್ಕ ಮಾಡಿದೆ.

ಇನ್ನೊಂದು ತೊಡಕು ಕೋನದ್ದು. ಕಾರು ಓರೆಯಾಗಿ ನಿಂತಿರುವಾಗ ವೀಲ್‌ಬೇಸ್ ಕುಗ್ಗಿ ಕಾಣುತ್ತದೆ. ಚಕ್ರದ ಎತ್ತರ ಕುಗ್ಗುವುದಿಲ್ಲ. ಎತ್ತರದೊಂದಿಗೆ ಹೋಲಿಸಿದರೆ ಯಾವ ಕಾರೂ ಗಿಡ್ಡ ಕಾರೇ. ಮಾಧ್ಯಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುವ ಸ್ನೇಹಿತೆಯೊಬ್ಬಳು ಇದನ್ನು ಬಿಡಿಸಿಕೊಟ್ಟಳು: ‘ಚಕ್ರದ ಎತ್ತರ ಬಿಡು, ಅಡ್ಡಗಲ ಅಳೆ. ಅದೂ ವೀಲ್‌ಬೇಸಿನಷ್ಟೇ ಪ್ರಮಾಣದಲ್ಲಿ ಕುಗ್ಗಿರುತ್ತದೆ.’ ಹತ್ತಿರದ ಚಕ್ರ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದರಿಂದ ಎರಡರ ಸರಾಸರಿ ತೆಗೆಯಬೇಕು. ಮುಂದಿನ ಚಕ್ರ ತಿರುಗಿರಬಾರದು. ನಮ್ಮ ಅದೃಷ್ಟಕ್ಕೆ ನೇರವಾಗಿತ್ತು. ದೊಡ್ಡ ಕಾಗದದ ಮೇಲೆ ಮುದ್ರಿಸಿ ಅಳೆದೆ. ಚಕ್ರದ ಕೇಂದ್ರದಿಂದ ಕೇಂದ್ರಕ್ಕೆ 21.3 ಸೆಂಟಿಮೀಟರ್, ಚಕ್ರಗಳ ಅಡ್ಡಗಲದ ಸರಾಸರಿ 6. ಭಾಗಿಸಿದರೆ 3.55. ಒಂದೆರಡು ಮಿಲಿಮೀಟರ್ ತಪ್ಪಿದರೂ ಉತ್ತರ ಬದಲಾಗುವ ಲೆಕ್ಕ ಇದು. ಇದರಿಂದ ಕಾರಿನ ಹೆಸರು ಸಿಗುವುದಿಲ್ಲ, ಆದರೆ ಫೋರ್ಡ್ ಎಂಬ ನಂಬಿಕೆ ನನ್ನಲ್ಲಿ ಅಲ್ಲಾಡಿತು.

ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಕಾಗದಪತ್ರಗಳ ಹಿಂದೆ ಹೋದವು. ಮೈಸೂರು ಸಂಸ್ಥಾನದ ಕಾಲದ ಮೋಟಾರು ನೋಂದಣಿ ಎಲ್ಲಾದರೂ ಸಿಕ್ಕೀತು ಎಂಬ ಆಸೆ. ಒಂದು ಕಚೇರಿಗೆ ಅರ್ಜಿ, ಆಧಾರ್ ಪ್ರತಿ, ಫೋಟೋದ ಪ್ರತಿ, ಮುತ್ತಜ್ಜನಿಂದ ನನ್ನವರೆಗಿನ ವಂಶವೃಕ್ಷ ಎಲ್ಲ ಕೊಟ್ಟೆ. ವಂಶವೃಕ್ಷಕ್ಕಾಗಿ ನಾಡಕಚೇರಿಗೆ ಮೂರು ಸಲ ಅಲೆದೆ. ಆರು ವಾರದ ನಂತರ ಆ ಕಾಲದ ದಾಖಲೆ ತಮ್ಮಲ್ಲಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಬಸ್ಸು, ಜೆರಾಕ್ಸ್, ಅಫಿಡವಿಟ್ಟು ಸೇರಿ 1,900 ರೂಪಾಯಿ ಖರ್ಚಾಗಿತ್ತು. ನಂಬರ್ ಕಾಣದ ಕಾರಿಗೆ ನೋಂದಣಿ ಹುಡುಕುವುದು ಹೆಸರಿಲ್ಲದ ವಿಳಾಸಕ್ಕೆ ಕಾಗದ ಹಾಕಿದಂತೆ. ನಂಬರ್ ಓದಲು ಬಂದರೆ ಮಾತ್ರ ಈ ದಾರಿಗೆ ಹೋಗಿ.

ಏಪ್ರಿಲ್ ರಜೆಯಲ್ಲಿ ಆಗುಂಬೆ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದೆವು. ದೇವರ ದರ್ಶನ ಮುಗಿದ ಮೇಲೆ ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯದಲ್ಲಿ ನಾನು ಎರಡೂವರೆ ಗಂಟೆ ಇದ್ದೆ. ಚಿತ್ರದಲ್ಲಿ ನೋಡುವುದಕ್ಕೂ ಕಾರಿನ ಪಕ್ಕದಲ್ಲಿ ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸ! ಮರದ ಅರಗಳ ಚಕ್ರ, ತಂತಿ ಅರಗಳ ಚಕ್ರ, ತಟ್ಟೆಯಂಥ ಚಕ್ರ, ದೀಪದ ಬುರುಡೆಯ ಆಕಾರ, ಬಾನೆಟ್ ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ, ಮುಂದಿನ ಚಕ್ರದ ಒಳಗೆ ಬ್ರೇಕಿನ ಡ್ರಮ್ ಇದೆಯೇ ಇಲ್ಲವೇ ಎಂಬುದು, ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಂದಿನ ಚಕ್ರಗಳಿಗೆ ಬ್ರೇಕು ಸಾಮಾನ್ಯ ಕಾರುಗಳಲ್ಲಿ ಬಂದದ್ದು 1920ರ ದಶಕದ ನಡುಭಾಗದಿಂದ ಈಚೆಗೆ; ಷೆವ್ರೊಲೆ, ಫೋರ್ಡ್‌ಗಳಲ್ಲಿ 1928ರ ಮಾದರಿಗಳಿಂದ. ದಪ್ಪನೆಯ, ಕಡಿಮೆ ಗಾಳಿಯ ಬಲೂನ್ ಟೈರುಗಳು ಬಂದದ್ದು 1923ರ ನಂತರ. ನಮ್ಮ ಕಾರಿನ ಟೈರುಗಳು ತೆಳ್ಳಗಿವೆ, ಮುಂದೆ ಡ್ರಮ್ ಇಲ್ಲ, ದೀಪಗಳು ವಿದ್ಯುತ್ತಿನವು. ಹಾಗಾಗಿ 1915ರ ಆಚೀಚೆಯಿಂದ 1927ರೊಳಗೆ ಎಂದು ಬರೆದುಕೊಂಡು ಮನೆಗೆ ಬಂದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲದ ಫೋಟೋ ಪ್ಲೇಟುಗಳಲ್ಲಿ ಹೆಚ್ಚಿನವು ಕೆಂಪು ಬೆಳಕನ್ನು ಹಿಡಿಯುತ್ತಿರಲಿಲ್ಲ. ಕೆಂಪು ಕಪ್ಪಾಗಿ, ನೀಲಿ ಬೆಳ್ಳಗೆ ಬರುತ್ತಿತ್ತು. ಮುತ್ತಜ್ಜಿಯ ಹಣೆಯ ಕುಂಕುಮ ಕಾಡಿಗೆಯಂತೆ ಕಾಣುವುದು ಅದಕ್ಕೇ. ಕಾರಿನ ಬಣ್ಣ ಕಪ್ಪೋ ಕೆಂಪೋ ಎಂದು ಇಂಥ ಫೋಟೋ ನೋಡಿ ವಾದಿಸಬೇಡಿ. ಮುದ್ರಿಸುವಾಗ ಎಡಬಲ ಬದಲಾಗಿದೆಯೇ ಎಂಬುದನ್ನೂ ನೋಡಿ. ಹೆಂಗಸರ ಸೆರಗು ಎಡಹೆಗಲ ಮೇಲಿದ್ದು ಸ್ಟೀರಿಂಗ್ ಬಲಗಡೆ ಇದ್ದರೆ ಚಿತ್ರ ಸರಿಯಾಗಿದೆ ಎಂದು ಧೈರ್ಯ ಮಾಡಬಹುದು.

ಮೇ ತಿಂಗಳಲ್ಲಿ ದೊಡ್ಡತ್ತೆಯನ್ನು ನೋಡಲು ಸಾಗರಕ್ಕೆ ಹೋದೆ. ಅವರಿಗೆ ಈಗ 88. ಕಣ್ಣು ಮಂಜಾಗಿದೆ, ನೆನಪು ಚುರುಕಾಗಿದೆ. ಫೋಟೋ ವಿಷಯ ತೆಗೆದಾಗ ಅವರು ಹಲಸಿನ ಬೀಜ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, ‘ಯಂತ್ರದ ಗಾಡಿಯದ್ದಾ?’ ಎಂದರು.

ಮೋಟಾರನ್ನು ಯಂತ್ರ ಎನ್ನುತ್ತಿದ್ದಾರೆ ಎಂದುಕೊಂಡೆ. ಅವರು ತಲೆಯಾಡಿಸಿದರು. ‘ಆ ಯಂತ್ರ ಅಲ್ಲ ಮಾರಾಯ್ತಿ, ಪೂಜೆಯ ಯಂತ್ರ. ಅಜ್ಜಿ ಹೇಳುತ್ತಿದ್ದರು. ಗಾಡಿಯ ಹಣೆಯ ಮೇಲೆ ಷಟ್ಕೋನ ಬರೆದಿತ್ತಂತೆ. ಸುಬ್ರಹ್ಮಣ್ಯನ ಯಂತ್ರ ಇರುವ ಗಾಡಿ, ಭಯವಿಲ್ಲ ಎಂದು ಹೆಂಗಸರು ಹತ್ತಲು ಒಪ್ಪಿದರಂತೆ.’

ನನ್ನ ಮೈ ಜುಮ್ಮೆಂದಿತು. ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ‘ಯಾರು ಕೇಳಿದರು?’ ಎಂದರು ಅತ್ತೆ. ಆ ಮಾತು ಈಗಲೂ ಚುಚ್ಚುತ್ತದೆ. ನಾಲ್ಕು ತಾಲೂಕು ಸುತ್ತಿದವಳು ನಮ್ಮ ಮನೆಯ ಅತಿ ಹಿರಿಯ ಹೆಂಗಸಿನ ಹತ್ತಿರ ಎಲ್ಲರಿಗಿಂತ ಕೊನೆಗೆ ಹೋಗಿದ್ದೆ. ನೀವು ಹುಡುಕಾಟ ಶುರು ಮಾಡುವವರಾದರೆ ಮೊದಲ ದಿನವೇ ಹಿರಿಯರ ಬಳಿ ಕುಳಿತುಕೊಳ್ಳಿ. ‘ಇದು ಯಾವ ಕಾರು?’ ಎಂದು ಕೇಳಬೇಡಿ, ‘ಈ ಗಾಡಿಯ ಬಗ್ಗೆ ಏನು ಹೇಳುತ್ತಿದ್ದರು?’ ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ.

ಆ ರಾತ್ರಿಯೇ ಶಿವಮೊಗ್ಗಕ್ಕೆ ಬಂದೆ. ಮೂಲ ಫೋಟೋವನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ವಾಚ್ ರಿಪೇರಿಯವರಿಂದ ಎರವಲು ತಂದಿದ್ದ ಭೂತಗನ್ನಡಿಯಿಂದ ರೇಡಿಯೇಟರಿನ ಮೇಲ್ಭಾಗ ನೋಡಿದೆ. ಒಂದು ದುಂಡು ಬಿಲ್ಲೆ. ಅದರೊಳಗೆ ಒಂದು ತ್ರಿಕೋನ ಮೇಲ್ಮುಖ, ಒಂದು ತ್ರಿಕೋನ ಕೆಳಮುಖ, ಒಂದರೊಳಗೊಂದು ಹೆಣೆದುಕೊಂಡಿದ್ದವು. ಮೊದಲ ಸ್ಕ್ಯಾನಿನಲ್ಲಿ ಕಲೆ ಎಂದು ಅಳಿಸಿದ್ದು ಇದನ್ನೇ.

ಷಟ್ಕೋನ ಸಿಕ್ಕ ಮೇಲೆ ಹೆಸರು ಸಿಗಲು ಅರ್ಧ ಗಂಟೆ ಸಾಕಾಯಿತು. ಅದು ಡಾಡ್ಜ್ ಬ್ರದರ್ಸ್ ಲಾಂಛನ. ಭೂಗೋಳದ ಮೇಲೆ ಹೆಣೆದ ಎರಡು ತ್ರಿಕೋನ, ನಡುವೆ ಡಿ ಮತ್ತು ಬಿ ಅಕ್ಷರಗಳು. ಜಾನ್ ಮತ್ತು ಹೊರೇಸ್ ಡಾಡ್ಜ್ ಎಂಬ ಅಣ್ಣತಮ್ಮಂದಿರು ಡೆಟ್ರಾಯಿಟ್‌ನಲ್ಲಿ ತಮ್ಮ ಹೆಸರಿನ ಮೊದಲ ಕಾರು ಹೊರತಂದದ್ದು 1914ರ ನವೆಂಬರ್‌ನಲ್ಲಿ. ಶುರುವಿನ ಕಾರುಗಳ ವೀಲ್‌ಬೇಸ್ 110 ಅಂಗುಲ, ಕೆಲವೇ ವರ್ಷಗಳಲ್ಲಿ ಅದು 114 ಆಯಿತು. 114ನ್ನು 32 ಅಂಗುಲದ ಟೈರಿನಿಂದ ಭಾಗಿಸಿದೆ. 3.56. ನನ್ನ ಉತ್ತರ 3.55 ಇತ್ತಲ್ಲ! ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಉಳಿದದ್ದು ಇಸವಿ. ಡಾಡ್ಜ್ ಬ್ರದರ್ಸ್ 1922ರಲ್ಲಿ ರೇಡಿಯೇಟರನ್ನೂ ಬಾನೆಟ್ಟನ್ನೂ ಎತ್ತರಿಸಿತು. ಅದಕ್ಕೆ ಮೊದಲಿನ ಕಾರುಗಳಲ್ಲಿ ಬಾನೆಟ್ ತಗ್ಗಾಗಿದ್ದು ಗಾಜಿನ ಹತ್ತಿರ ಮೈ ಮೇಲೇರುತ್ತದೆ. ಆಮೇಲಿನವುಗಳಲ್ಲಿ ಗೆರೆ ಹೆಚ್ಚುಕಡಿಮೆ ನೇರ. ನಮ್ಮದರಲ್ಲಿ ನೇರವಾಗಿ ಕಂಡಿತು, ಆದರೂ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಒಂದು ಸಲ ಆ್ಯಪ್ ಮಾತು ನಂಬಿ ಕೆಟ್ಟಿದ್ದೆನಲ್ಲ. ಅಮೆರಿಕದಲ್ಲಿ ಈ ಕಾರುಗಳನ್ನು ಇಟ್ಟುಕೊಂಡವರ ಸಂಘವಿದೆ. ಅವರಿಗೆ ಟಿಫ್ ಕಡತ, ಅಳತೆಗಳು ಮತ್ತು ಮೂರೇ ಪ್ರಶ್ನೆಗಳನ್ನು ಕಳಿಸಿದೆ. ಪ್ರಶ್ನೆ ಕಡಿಮೆ ಇದ್ದಷ್ಟು ಉತ್ತರ ಬರುವ ಸಾಧ್ಯತೆ ಹೆಚ್ಚು. ಏನು ಗೊತ್ತಾಗಿದೆ, ಏನು ಅನುಮಾನ ಎಂಬುದನ್ನು ಬೇರೆ ಬೇರೆ ಬರೆಯಿರಿ. ಐದು ವಾರ ಕಾದೆ. ಕಳೆದ ಶುಕ್ರವಾರ ಬಂದ ಉತ್ತರ ನಾಲ್ಕು ಸಾಲಿನದು: ಡಾಡ್ಜ್ ಬ್ರದರ್ಸ್ ಟೂರಿಂಗ್ (ಮಡಚುವ ಚಾವಣಿಯ ತೆರೆದ ಕಾರು), ಎತ್ತರದ ಬಾನೆಟ್, 1922ರ ನಡುವಿನಿಂದ 1923ರ ನಡುವಿನೊಳಗೆ ತಯಾರಾದದ್ದು.

ತಯಾರಾದ ವರ್ಷ ಬೇರೆ, ಫೋಟೋ ತೆಗೆದ ವರ್ಷ ಬೇರೆ. ನಮ್ಮ ಕಡೆ ಒಂದು ಮೋಟಾರು ಹತ್ತು ಹದಿನೈದು ವರ್ಷ ಓಡಿದರೆ ಆಶ್ಚರ್ಯವಿಲ್ಲ. ಆದರೆ 1922ಕ್ಕೆ ಮೊದಲು ತೆಗೆದ ಫೋಟೋ ಇದಾಗಿರಲು ಸಾಧ್ಯವಿಲ್ಲ. 1922ರಲ್ಲಿ ಅಜ್ಜನಿಗೆ ಹನ್ನೆರಡು. ಫುಟ್‌ಬೋರ್ಡಿನ ಮಗು ಅಜ್ಜ ಅಲ್ಲ. ಚಕ್ರದ ಹತ್ತಿರ ಬರಿಗಾಲಿನಲ್ಲಿ ನಿಂತವನು ಅಜ್ಜ.

ನಾವು ಎರಡು ತಲೆಮಾರು ಅವರನ್ನು ಕೆಲಸದ ಹುಡುಗ ಎಂದು ಕರೆದಿದ್ದೆವು. ನಾನು ಆ ಮುಖವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಎಡಹುಬ್ಬಿನ ಮೇಲಿನ ಗಾಯದ ಗೆರೆ, ನಾನು ಚಿಕ್ಕವಳಿದ್ದಾಗ ಬೆರಳಿಟ್ಟು ಮುಟ್ಟುತ್ತಿದ್ದ ಅದೇ ಗೆರೆ, ಅಲ್ಲಿತ್ತು. ಎದುರಿಗೆ ಯಾರೂ ಇರಲಿಲ್ಲ, ಒಬ್ಬಳೇ ಕುಳಿತು ಅತ್ತುಬಿಟ್ಟೆ.

ಹಾಗಾದರೆ ಮಗು ಯಾರು? ಟ್ರಂಕಿನ ಜಾತಕದ ಕಟ್ಟು ಬಿಚ್ಚಿದೆ. ಅಜ್ಜನದು ಸಾಧಾರಣ ಸಂವತ್ಸರ, ಅಂದರೆ 1910–11. ಇನ್ನೊಂದು ಜಾತಕ ಸಿದ್ಧಾರ್ಥಿ ಸಂವತ್ಸರದ್ದು, 1919–20. ಅದು ಅಜ್ಜನ ತಂಗಿಯದು. ಅಕ್ಷಯ ಸಂವತ್ಸರದಲ್ಲಿ ಜ್ವರ ಬಂದು ತೀರಿಕೊಂಡಳು ಎಂದು ಅದರ ಅಂಚಿನಲ್ಲಿ ಯಾರೋ ಸಣ್ಣದಾಗಿ ಬರೆದಿದ್ದಾರೆ. ಅಂದರೆ 1926–27. ಏಳು ವರ್ಷ ಬದುಕಿದ ಹುಡುಗಿ. ಟೋಪಿ ನೋಡಿ ನಾವು ಗಂಡುಮಗು ಎಂದುಕೊಂಡಿದ್ದೆವು. ಹೊಸ ಸ್ಕ್ಯಾನಿನಲ್ಲಿ ನೋಡಿದರೆ ಕಾರಿನ ಕಂಬಿ ಹಿಡಿದ ಪುಟ್ಟ ಕೈಯಲ್ಲಿ ಗಾಜಿನ ಬಳೆಗಳಿವೆ. ಸಂವತ್ಸರದಿಂದ ಇಸವಿ ಲೆಕ್ಕ ಹಾಕುವವರು ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ ಎಂಬುದನ್ನು ಮರೆಯಬೇಡಿ. ಪಕ್ಕದಲ್ಲಿ ಶಕವರ್ಷ ಇದ್ದರೆ ಅದನ್ನೇ ನಂಬಿ.

ಲೆಕ್ಕದ ಪುಸ್ತಕಗಳನ್ನು ಪುಟ ಪುಟ ತಿರುವಿದಾಗ ರಕ್ತಾಕ್ಷಿ ಸಂವತ್ಸರದ ವೈಶಾಖದಲ್ಲಿ ಒಂದು ಸಾಲು ಸಿಕ್ಕಿತು: ‘ಮೋಟಾರು ಬಾಡಿಗೆ’, ಹದಿನೈದು ರೂಪಾಯಿ. 1924ರ ಮೇ ತಿಂಗಳು. ಮೋಟಾರು ಕೊಂಡ ಲೆಕ್ಕ, ಪೆಟ್ರೋಲಿನ ಲೆಕ್ಕ ಯಾವ ಪುಟದಲ್ಲೂ ಇಲ್ಲ. ಫೋಟೋದ ರಟ್ಟಿನ ಹಿಂದೆ ನಾನು ಏನೂ ಬರೆದಿಲ್ಲ. ಪ್ರತ್ಯೇಕ ಚೀಟಿಯಲ್ಲಿ ಪೆನ್ಸಿಲಿನಿಂದ ‘ಬಹುಶಃ ಮೇ 1924’ ಎಂದು ಬರೆದು ಲಕೋಟೆಯಲ್ಲಿಟ್ಟಿದ್ದೇನೆ.

ಚಿಕ್ಕಪ್ಪನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕಾರು ಫೋರ್ಡ್ ಅಲ್ಲ, ನಮ್ಮದೂ ಅಲ್ಲ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಫೋರ್ಡ್ ಕಂಪನಿಯ ಮೊಟ್ಟಮೊದಲ ಕಾರುಗಳಿಗೆ ಎಂಜಿನ್ ಮಾಡಿಕೊಟ್ಟವರು ಇದೇ ಡಾಡ್ಜ್ ಅಣ್ಣತಮ್ಮಂದಿರು ಎಂದು ತಿಳಿಸಿದೆ. ಅದರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಮೇಲೆ ಹುಬ್ಬಿನ ಗಾಯದ ಚಿತ್ರ ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ‘ಅಪ್ಪ ಬರಿಗಾಲಲ್ಲೇ ಇರುತ್ತಿದ್ದರು, ಹೌದು’ ಎಂದರು.

ಒಟ್ಟು ಖರ್ಚು ಏಳು ಸಾವಿರದ ಹತ್ತಿರ ಆಯಿತು, ಅದರಲ್ಲಿ ಹೆಚ್ಚಿನದು ಓಡಾಟಕ್ಕೆ.

ಭಾನುವಾರ ಸಾಗರಕ್ಕೆ ಹೋಗಿ ದೊಡ್ಡತ್ತೆಗೆ ಎಲ್ಲ ಹೇಳಿದೆ. ತಾನು ಹುಟ್ಟುವ ಮೊದಲೇ ಹೋದ ಸೋದರತ್ತೆಯ ಹೆಸರನ್ನು ಅವರು ಎರಡು ಸಲ ಹೇಳಿಕೊಂಡರು. ಕಾರಿನ ಬಗ್ಗೆ ಏನೂ ಕೇಳಲಿಲ್ಲ. ಮಗುವಿನ ಮುಖವಷ್ಟೇ ದೊಡ್ಡದಾಗಿ ಬರುವ ಹಾಗೆ ಒಂದು ಪ್ರತಿ ಮಾಡಿಸಿಕೊಡು ಎಂದರು, ಬಳೆಯ ಕೈಯೂ ಕಾಣಬೇಕು ಎಂದರು. ಅಂಗಡಿಗೆ ಕೊಟ್ಟಿದ್ದೇನೆ, ಚೌಕಟ್ಟು ಸೇರಿ 350 ರೂಪಾಯಿ. ಗುರುವಾರ ಸಿಗುತ್ತದೆ.